ಸಿಡಿಲು ತಾಗಿದ ಮೈ

ಮಂಡಕಳ್ಳಿಯ ಹತ್ತಿರದ ಹೊಸ ಬಡಾವಣೆಯಲ್ಲಿ ನನ್ನ ಗಂಡ ಮತ್ತು ಅವರ ಅಣ್ಣ ಸೇರಿ ಒಂದು ಸೈಟು ತೆಗೆದುಕೊಂಡಿದ್ದರು. ಕೆಳಗೆ ಭಾವನ ಸಂಸಾರ, ಮೇಲೆ ನಾವಿಬ್ಬರು, ಅತ್ತೆ ಅವರಿಗೆ ಮನಸ್ಸು ಬಂದ ಕಡೆ. ಮನೆಯ ನಕ್ಷೆ ಬರೆಸುವ ಮೊದಲೇ ಇಷ್ಟೂ ಮಾತಿನಲ್ಲಿ ತೀರ್ಮಾನವಾಗಿಹೋಗಿತ್ತು. ಆಗ ನಾವೆಲ್ಲ ಮೇಟಗಳ್ಳಿಯ ಒಂದು ಬಾಡಿಗೆ ಮನೆಯಲ್ಲಿ ಒಟ್ಟಿಗೇ ಇದ್ದೆವು. ಅಣ್ಣ ತಮ್ಮಂದಿರಿಬ್ಬರೂ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸದವರು. ನಾನು ಇನ್ನೊಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಭಾವನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಅವರಿಗೊಬ್ಬಳು ಮಗಳು, ಆಗಿನ್ನೂ ಹೈಸ್ಕೂಲಿಗೆ ಕಾಲಿಟ್ಟಿದ್ದಳು.

ಭಾವ ಇದ್ದ ಕಡೆ ಸದ್ದು ಜಾಸ್ತಿ. ಭಾನುವಾರ ಬೆಳಗ್ಗೆ ದೇವರಾಜ ಮಾರ್ಕೆಟ್ಟಿಗೆ ಹೋಗಿ ಸೊಪ್ಪು, ಬದನೆಕಾಯಿ, ವೀಳ್ಯದೆಲೆ ತರುವುದು ಅವರದೇ ಕೆಲಸ. ಬರುವಾಗ ಮಲ್ಲಿಗೆಯನ್ನು ಮೂರು ಪೊಟ್ಟಣ ಕಟ್ಟಿಸಿಕೊಂಡು ಬಂದು, ಬಾಗಿಲಲ್ಲೇ ನಿಂತು, "ತಗಳ್ರಪ್ಪಾ, ಮೂರು ಜನ ಯಜಮಾನ್ತೀರ್ಗೂ ಒಂದೇ ಅಳತೆ, ಯಾರೂ ಮೊಳ ಹಾಕಿ ನೋಡಂಗಿಲ್ಲ" ಅನ್ನುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅತ್ತೆ ಹೂ ಮುಡಿಯುತ್ತಿರಲಿಲ್ಲ. ಆದರೂ ಅವರ ಪಾಲಿನ ಪೊಟ್ಟಣ ತಪ್ಪದೆ ಬರುತ್ತಿತ್ತು, ದೇವರ ಪಟದ ಮುಂದೆ ಹೋಗುತ್ತಿತ್ತು.

ಗುದ್ದಲಿ ಪೂಜೆ ಇಟ್ಟುಕೊಂಡಿದ್ದು ಏಪ್ರಿಲ್ ಕೊನೆಯ ಒಂದು ಭಾನುವಾರ. ಬೆಳಗ್ಗೆ ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಭಾವ ಗೆಳೆಯರೊಬ್ಬರ ಕಾರು ಕೇಳಿ ತಂದಿದ್ದರು. ಪೂಜೆ ಮುಗಿಸಿ ಪುರೋಹಿತರು ಬೇರೆ ಕಡೆ ಕಾರ್ಯಕ್ರಮವಿದೆ ಎಂದು ಬೇಗ ಹೊರಟುಹೋದರು. ನಾವು ಚಾಪೆ ಹಾಸಿಕೊಂಡು ಚಿತ್ರಾನ್ನ, ಮೊಸರನ್ನ ಉಂಡೆವು. ಸುತ್ತ ಎಲ್ಲಿ ನೋಡಿದರೂ ಖಾಲಿ ಸೈಟುಗಳು, ನಂಬರು ಬರೆದ ಕಲ್ಲುಗಳು, ದೂರದಲ್ಲಿ ಒಂದೆರಡು ಅರ್ಧ ಕಟ್ಟಿದ ಮನೆಗಳು. ನಮ್ಮ ಸೈಟಿನಾಚೆ ಒಂದೇ ಒಂದು ಹೊಂಗೆ ಮರ. ಬಡಾವಣೆ ಮಾಡಿದವರು ಅದೊಂದನ್ನು ಯಾಕೋ ಕಡಿಯದೆ ಬಿಟ್ಟಿದ್ದರು. ಮೇಸ್ತ್ರಿ ದಾರ ಹಿಡಿದು ಪಾಯದ ಗುರುತು ಹಾಕುತ್ತಿದ್ದರು, ಭಾವ ಅವರ ಹಿಂದೆ ಹಿಂದೆಯೇ ಓಡಾಡುತ್ತ, "ಬಾಗಿಲು ಇಷ್ಟು ಸಾಲದು ಮೇಸ್ತ್ರಿ, ನಮ್ಮವ್ವ ಎರಡು ಕೈಲಿ ಬಿಂದಿಗೆ ಹಿಡ್ಕೊಂಡು ಒಳಗೆ ಬರಬೇಕು" ಎನ್ನುತ್ತಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು. ನೋಡ ನೋಡುತ್ತಿದ್ದಂತೆ ಬಿಸಿಲು ಹೋಯಿತು, ಗಾಳಿ ಎದ್ದಿತು, ಮಣ್ಣೆಲ್ಲ ಕಣ್ಣಿಗೆ. ದೂರದಲ್ಲಿ ಗುಡುಗಿದ್ದು ಕೇಳಿಸಿತು. ದೂರ ಇದೆಯಲ್ಲ ಎಂದು ಯಾರೂ ಅವಸರ ಮಾಡಲಿಲ್ಲ. ದಪ್ಪ ಹನಿ ಬೀಳಲು ಶುರುವಾದಾಗ ಹೆಂಗಸರೆಲ್ಲ ಪಾತ್ರೆ, ಪೂಜೆ ಸಾಮಾನು ಹಿಡಿದು ಕಾರಿನೊಳಗೆ ತೂರಿಕೊಂಡೆವು. ಅತ್ತೆ ಮುಂದಿನ ಸೀಟಿನಲ್ಲಿ, ಅಕ್ಕ, ಅವರ ಮಗಳು, ನಾನು ಹಿಂದೆ. ತೊಡೆಯ ಮೇಲೂ ಡ್ರೈವರ್ ಸೀಟಿನಲ್ಲೂ ಪಾತ್ರೆಗಳು. ಗಂಡಸರಿಗೆ ಜಾಗವಿರಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. ಮೂವರೂ ಹೊಂಗೆ ಮರದ ಕೆಳಗೆ ಹೋಗಿ ನಿಂತರು.

ಅತ್ತೆ ಗಾಜು ಇಳಿಸಿ, "ಬಂದು ಎಂಗೋ ಒತ್ಕೊಂಡು ಕೂತ್ಕಳ್ರೋ" ಎಂದು ಕೂಗಿದರು.

ನನ್ನ ಗಂಡ ನಗುತ್ತ, "ನೀವೇ ಕಬ್ಬಿಣದ ಡಬ್ಬಿಲಿ ಕೂತಿದೀರ ಕಣವ್ವ, ಹೊಡೆದ್ರೆ ಮೊದಲು ನಿಮಗೇ ಹೊಡೆಯೋದು. ಇಲ್ಲಿಗೇ ಬನ್ನಿ" ಅಂದರು.

ಆಗ ಅದು ನಮಗೆಲ್ಲ ನಿಜವೆಂದೇ ಕಂಡಿತ್ತು. ಅತ್ತೆ ಗಾಬರಿಯಿಂದ ಗಾಜು ಏರಿಸಿ ಕೈ ಮುಗಿದು ದೇವರ ಹೆಸರು ಹೇಳತೊಡಗಿದರು.

ಸಿಡಿಲು ಬಡಿದ ಕ್ಷಣದ ಬಗ್ಗೆ ಜನ ಈಗಲೂ ಕೇಳುತ್ತಾರೆ. ಹೇಳುವುದಕ್ಕೆ ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಬೆಳಕು ಮತ್ತು ಸದ್ದು ಬೇರೆ ಬೇರೆಯಾಗಿ ಬರಲಿಲ್ಲ. ಕಾರಿನ ಗಾಜುಗಳು ಒಡೆದುಹೋದವು ಎಂದುಕೊಂಡೆ, ಒಡೆದಿರಲಿಲ್ಲ. ಕಣ್ಣು ಬಿಟ್ಟಾಗ ಮರದ ಒಂದು ಕಡೆಯ ತೊಗಟೆ ಮೇಲಿಂದ ಕೆಳಗಿನವರೆಗೂ ಸುಲಿದು ಬೆಳ್ಳಗೆ ಕಾಣುತ್ತಿತ್ತು. ನಿಂತಿದ್ದ ಮೂವರಲ್ಲಿ ಒಬ್ಬರೂ ನಿಂತಿರಲಿಲ್ಲ.

ನಾನೂ ಅಕ್ಕನೂ ಪಾತ್ರೆಗಳನ್ನು ಎತ್ತಿ ಹಾಕಿ ಓಡಿದೆವು. ಮೇಸ್ತ್ರಿ ಸ್ವಲ್ಪ ದೂರದಲ್ಲಿ ಬಿದ್ದು, "ಕಾಲು ಇಲ್ಲ, ನನ್ನ ಕಾಲು ಇಲ್ಲ" ಎಂದು ಅರಚುತ್ತಿದ್ದರು. ಕಾಲುಗಳು ಇದ್ದವು, ಅವರಿಗೆ ಅವುಗಳ ಅರಿವು ಹೋಗಿತ್ತು. ಅಣ್ಣ ತಮ್ಮಂದಿರು ಮರದ ಬುಡದಲ್ಲಿ ಸದ್ದಿಲ್ಲದೆ ಬಿದ್ದಿದ್ದರು. ಇಬ್ಬರ ಕಣ್ಣೂ ಅರೆ ತೆರೆದಿದ್ದವು. ಇಬ್ಬರೂ ಉಸಿರಾಡುತ್ತಿರಲಿಲ್ಲ.

ನಮ್ಮ ಕಾರ್ಖಾನೆಯಲ್ಲಿ ವರ್ಷಕ್ಕೊಂದು ಸಲ ಸುರಕ್ಷತೆಯ ತರಬೇತಿ ಇರುತ್ತದೆ. ಕರೆಂಟ್ ಹೊಡೆದವರಿಗೆ ಏನು ಮಾಡಬೇಕು ಎಂದು ಒಂದು ರಬ್ಬರ್ ಗೊಂಬೆಯನ್ನು ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಅಂಗೈ ಊರಿ ಜೋರಾಗಿ ಒತ್ತುವುದನ್ನು, ಮೂಗು ಮುಚ್ಚಿ ಬಾಯಿಂದ ಉಸಿರು ಕೊಡುವುದನ್ನು ನಮ್ಮ ಕೈಯಲ್ಲಿ ಮಾಡಿಸಿದ್ದರು. ಆ ಗೊಂಬೆಯೊಂದೇ ನನಗೆ ಆಗ ನೆನಪಾದದ್ದು. ಗಂಡನ ಪಕ್ಕ ಮಂಡಿಯೂರಿ ಒತ್ತತೊಡಗಿದೆ. ಅಕ್ಕನಿಗೆ, "ಅಕ್ಕಾ, ನಾನು ಮಾಡೋ ಹಾಗೆ ಮಾಡಿ, ಹೀಗೆ, ಜೋರಾಗಿ, ನಿಲ್ಲಿಸ್ಬೇಡಿ" ಎಂದು ಕೂಗಿದೆ. ಅಕ್ಕ ಭಾವನ ಎದೆಯ ಮೇಲೆ ಕೈ ಇಟ್ಟರು. ಒತ್ತಿದರು ಕೂಡ. ನೋವಾದೀತೆಂಬಂತೆ ಮೆಲ್ಲಗೆ ಶುರು ಮಾಡಿ, ನಾನು ಬೈದ ಮೇಲೆ ಜೋರಾಗಿ ಒತ್ತಿದರು.

ಅಷ್ಟರಲ್ಲಿ ಅತ್ತೆ ಬಂದರು. ಬಂದವರೇ ಅಕ್ಕನನ್ನು ಹಿಂದಿನಿಂದ ತಬ್ಬಿ ಹಿಡಿದು ಎಳೆದರು.

"ಮುಟ್ಬ್ಯಾಡ ಕಣವ್ವಾ! ಮೈನಾಗೆ ಸಿಡ್ಲು ಅದೆ, ನೀನೂ ಓಯ್ತೀಯ! ಬುಡವ್ವಾ, ಮಗು ಅದೆ ನಿಂಗೆ, ಬುಡು!"

"ಅತ್ತೆ, ಏನೂ ಆಗಲ್ಲ, ನಾನು ಮುಟ್ಟಿಲ್ವಾ, ಬಿಡಿ ಅವರನ್ನ" ಎಂದು ನಾನು ಕೂಗುತ್ತಲೇ ಇದ್ದೆ. ಒತ್ತುವುದನ್ನು ನಿಲ್ಲಿಸುವ ಹಾಗಿರಲಿಲ್ಲ, ನಿಲ್ಲಿಸಿದರೆ ಎಲ್ಲವೂ ಹೋಯಿತು ಎಂದು ಕಲಿಸಿದ್ದರು. ಅತ್ತೆ ಊರಿನಲ್ಲಿ ಗದ್ದೆಗೆಲಸ ಮಾಡಿದ ಹೆಂಗಸು, ಅವರ ಹಿಡಿತದಿಂದ ಅಕ್ಕನಿಗೆ ಬಿಡಿಸಿಕೊಳ್ಳಲಾಗಲಿಲ್ಲ. ಇಬ್ಬರೂ ಕೆಸರಿನಲ್ಲಿ ಬಿದ್ದರು. ಅತ್ತೆ ಬಿಡಲಿಲ್ಲ. ಕಾರಿನ ಬಾಗಿಲಲ್ಲಿ ನಿಂತು ಅಕ್ಕನ ಮಗಳು ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಆಂಬುಲೆನ್ಸ್‌ನವರಿಗೆ ದಾರಿ ಹೇಳುತ್ತಿದ್ದಳು.

ನನ್ನ ಗಂಡ ಒಮ್ಮೆ ಗೊರಕೆಯಂಥ ಸದ್ದು ಮಾಡಿದರು. ಮತ್ತೊಮ್ಮೆ ಮಾಡಿದರು. ಉಸಿರು ಬಂತು. ಅವರನ್ನು ಮಗ್ಗುಲಿಗೆ ತಿರುಗಿಸಿ ನಾನು ಭಾವನ ಕಡೆ ಹೋದೆ. ಆಗ ಅತ್ತೆಗೆ ಏನನ್ನಿಸಿತೋ, ಕೈ ಸಡಿಲ ಬಿಟ್ಟರು. ಆಂಬುಲೆನ್ಸ್ ಬರುವವರೆಗೂ ನಾನು ಭಾವನ ಎದೆ ಒತ್ತಿದೆ. ನನ್ನ ತೋಳು ಸೋತಾಗ ಅಕ್ಕ ಒತ್ತಿದರು. ಭಾವನ ಮುಖದ ಬಣ್ಣ ಆಗಲೇ ಬದಲಾಗಿತ್ತು. ಆಸ್ಪತ್ರೆಯಲ್ಲೂ ಬಹಳ ಹೊತ್ತು ಪ್ರಯತ್ನಪಟ್ಟರು. ಭಾವ ಬರಲಿಲ್ಲ.

ನನ್ನ ಗಂಡನ ಬೆನ್ನಿನ ಮೇಲೆ ಜರೀಗಿಡದ ಎಲೆಯನ್ನು ಒತ್ತಿ ತೆಗೆದ ಹಾಗೆ ಕೆಂಪು ಗೆರೆಗಳಿದ್ದವು. ಸುಟ್ಟ ಗಾಯವಲ್ಲ, ಕೆರೆದರೆ ನೋಯುತ್ತಲೂ ಇರಲಿಲ್ಲ. ಮರುದಿನಕ್ಕೆ ಅವು ಮಾಯವಾದವು. ಒಂದು ಕಿವಿಯ ತಮಟೆ ಹರಿದಿತ್ತು. ಅವರಿಗೆ ಅಣ್ಣ ಹೋದ ಸುದ್ದಿಯನ್ನು ಒಂದು ಸಲ ಹೇಳಿದರೆ ಆಗಲಿಲ್ಲ. ಹೇಳುತ್ತೇವೆ, ಅಳುತ್ತಾರೆ, ನಿದ್ದೆ ಹೋಗಿ ಎದ್ದು, "ಅಣ್ಣ ಎಲ್ಲಿ?" ಎನ್ನುತ್ತಾರೆ. ಮತ್ತೆ ಹೇಳಬೇಕು. ಹೇಳುವ ಕೆಲಸವನ್ನು ನಾನೇ ಮಾಡಿದೆ. ಅತ್ತೆ ಆ ಕೋಣೆಯೊಳಗೆ ಬರಲಿಲ್ಲ.

ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯಿಂದ ಮಾತಾಡಿದರು. ಮರಕ್ಕೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರ ಮೈಗೆ ಹಾರುತ್ತದೆ, ಬೇರಿನ ಸುತ್ತ ನೆಲದಲ್ಲೂ ಹರಡುತ್ತದೆ, ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ ಎಂದರು. ಮೇಸ್ತ್ರಿಯ ಕಾಲು ಜೋಮು ಹಿಡಿದದ್ದು ಅದರಿಂದಲೇ, ಆ ದಿನವೇ ಅವರು ಎದ್ದು ನಡೆದರು. "ಎಷ್ಟೋ ಸಲ ನಿಂತ ಹೃದಯ ತಾನಾಗೇ ಶುರುವಾಗತ್ತಮ್ಮ. ಆದ್ರೆ ಉಸಿರಾಟ ನಡೆಸೋ ಮಿದುಳಿನ ಭಾಗ ಏಳೋಕೆ ಇನ್ನೂ ಸ್ವಲ್ಪ ಹೊತ್ತು ಬೇಕು. ಅಷ್ಟು ಹೊತ್ತು ಹೊರಗಿನಿಂದ ಯಾರಾದ್ರೂ ಉಸಿರು ಕೊಟ್ಟು, ಎದೆ ಒತ್ತಿದ್ರೆ ಕೆಲವರು ಉಳೀತಾರೆ. ನೀವು ಅದನ್ನೇ ಮಾಡಿದ್ದೀರಿ."

ನಾನು ಸ್ವರ ತಗ್ಗಿಸಿ, "ಮೈಯಲ್ಲಿ ಕರೆಂಟ್ ಉಳಿದಿರತ್ತಾ ಸಾರ್?" ಎಂದು ಕೇಳಿದೆ. ಉತ್ತರ ನನಗೆ ಗೊತ್ತೇ ಇತ್ತು, ನಾನು ಮುಟ್ಟಿದ್ದೆನಲ್ಲ.

"ಇಲ್ಲ. ಒಂದು ಚೂರೂ ಇರಲ್ಲ. ಬಡಿದ ಆ ಕ್ಷಣಕ್ಕೇ ಹೊರಟುಹೋಗಿರತ್ತೆ."

ತಿಥಿ ಮುಗಿಯಿತು. ಮಳೆಗಾಲ ಬಂದು ಹೋಯಿತು. ನನ್ನ ಗಂಡನ ಕೈ ನಡುಕ ನಿಲ್ಲಲಿಲ್ಲ, ಫಿಟ್ಟರ್ ಕೆಲಸಕ್ಕೆ ಆಗುವುದಿಲ್ಲವೆಂದು ಕಾರ್ಖಾನೆಯವರು ಅವರನ್ನು ಸ್ಟೋರ್‌ಗೆ ಹಾಕಿದರು. ಮೊದಲು ಮೃದುವಾಗಿದ್ದ ಮನುಷ್ಯ ಲೋಟ ಕೈಜಾರಿದರೆ ಗೋಡೆಗೆ ಎಸೆಯುವವರಾದರು. ಅಕ್ಕ ಮೊದಲಿಗಿಂತ ಹೆಚ್ಚು ಹೊಲಿದರು, ಮೊದಲಿಗಿಂತ ಕಡಿಮೆ ಮಾತಾಡಿದರು. ಅತ್ತೆಯ ತಟ್ಟೆಗೆ ಅನ್ನ ಹಾಕುತ್ತಿದ್ದರು, ಅವರ ಸೀರೆ ಒಗೆಯುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ದುಃಖ ಎಂದುಕೊಂಡೆ.

ಒಂದು ದಿನ ನಾನು ಅಕ್ಕಿ ಆರಿಸುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. "ನಮ್ಮೂರಲ್ಲಿ ಒಬ್ಬ ಪಂಪ್‌ಸೆಟ್ ತಂತಿ ತುಳಿದು ಬಿದ್ದಿದ್ದ ಕಣವ್ವ. ಅವನ ಎಂಡ್ತಿ ಓಗಿ ಮುಟ್ಟಿದ್ಲು, ಅವ್ಳೂ ಅಲ್ಲೇ ಓದ್ಲು. ಎರಡು ಮಕ್ಳು ತಬ್ಬಲಿ ಆದೋ. ನಾನು ಕಣ್ಣಾರೆ ಕಂಡೀವ್ನಿ" ಎಂದರು. ಆಮೇಲೆ, "ಸಿಡ್ಲೂ ಅಂಗೇ ಅಲ್ವಾ?" ಎಂದು ಕೇಳಿದರು.

ತಂತಿಯಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಅದನ್ನು ತಗುಲಿಕೊಂಡವನನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ. ಅದು ನಿಜ. ಸಿಡಿಲು ಹಾಗಲ್ಲ. ಇಷ್ಟೇ ಹೇಳಬೇಕಾಗಿದ್ದದ್ದು. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಮೊರದಲ್ಲಿ ಕಲ್ಲು ಹುಡುಕುತ್ತ, "ಏನೋ ಅತ್ತೆ, ನಂಗೂ ಸರಿಯಾಗಿ ಗೊತ್ತಿಲ್ಲ" ಎಂದೆ. ಅವರು ತಲೆಯಾಡಿಸಿ ಎದ್ದು ಹೋದರು.

ಮರುವರ್ಷ ಬೇಸಿಗೆ ಮಳೆಗೆ ಮುಂಚೆ ನಮ್ಮ ಕಾರ್ಖಾನೆಯ ಸುರಕ್ಷತಾ ವಿಭಾಗದವರು ನನ್ನನ್ನು ಕರೆದು, ಸಿಡಿಲಿನ ಬಗ್ಗೆ ನೀವೇ ನಾಲ್ಕು ಮಾತಾಡಿ ಎಂದರು. ಅದಕ್ಕಾಗಿ ಓದಿದೆ. ಮೋಡದೊಳಗೆ ಮೇಲೇರುವ ಗಾಳಿಯಲ್ಲಿ ಹಗುರವಾದ ಹಿಮದ ಹರಳುಗಳೂ ಭಾರದ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ತಾಕಿ ತಾಕಿ ವಿದ್ಯುತ್ತು ಬೇರೆಯಾಗುತ್ತದೆ, ಧನದ್ದು ಮೇಲಕ್ಕೆ, ಋಣದ್ದು ಮೋಡದ ತಳಕ್ಕೆ. ತಳದಲ್ಲಿ ತುಂಬಿದ್ದು ನೆಲದ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ದಾರಿ ಹುಡುಕಿಕೊಂಡು ಬರುತ್ತದೆ. ನೆಲದಿಂದಲೂ ಎತ್ತರದ ವಸ್ತುಗಳ ತುದಿಯಿಂದ ಒಂದೊಂದು ಎಳೆ ಮೇಲಕ್ಕೆ ಏಳುತ್ತದೆ. ಎರಡೂ ಸಂಧಿಸಿದ ಕಡೆ ದಾರಿ ತೆರೆದು ಮಿಂಚು ಹರಿಯುತ್ತದೆ. ಆ ದಾರಿಯ ಗಾಳಿ ಸೂರ್ಯನ ಮೇಲ್ಮೈಗಿಂತ ಹೆಚ್ಚು ಕಾದು ಒಮ್ಮೆಲೇ ಹಿಗ್ಗುತ್ತದಂತೆ, ಆ ಸದ್ದೇ ಗುಡುಗು. ಅದರಲ್ಲಿ ಯಾರ ಮೇಲೂ ಸಿಟ್ಟಿಲ್ಲ, ಯಾರ ಕರ್ಮವೂ ಇಲ್ಲ. ಇದನ್ನು ಓದಿದಾಗ ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಇನ್ನೂ ಭಯವಾಯಿತು. ಬೈಯುವುದಕ್ಕಾದರೂ ಒಬ್ಬರು ಇರಬೇಕಿತ್ತು.

ಕಾರ್ಖಾನೆಯಲ್ಲಿ ಮಾತಾಡಿದ್ದು ನಮ್ಮ ಬೀದಿಯ ಮಹಿಳಾ ಸಂಘದವರಿಗೆ ಗೊತ್ತಾಗಿ, ಇಲ್ಲೂ ಹೇಳಿ ಎಂದರು. ಸಂಘದ ಅಧ್ಯಕ್ಷೆಯ ಮನೆಯ ಕಾರ್ ಶೆಡ್ಡಿನಲ್ಲಿ ಸಂಜೆ ಎಲ್ಲರೂ ಸೇರಿದ್ದರು. ಅತ್ತೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಅಕ್ಕನ ಮಗಳ ಕೈ ಹಿಡಿದುಕೊಂಡು ಬಂದು ಹಿಂದುಗಡೆ ಕುರ್ಚಿಯಲ್ಲಿ ಕೂತರು.

ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ ಎಂದೇ ಅರ್ಥ, ದೂರ ಇದೆ ಎಂದು ಕಾಯಬಾರದು ಎಂದು ಹೇಳಿದೆ. ಕಟ್ಟಿದ ಮನೆಯೊಳಗೆ ಹೋಗಬೇಕು, ಇಲ್ಲವೆಂದರೆ ಮೇಲೆ ಲೋಹದ ಹೊದಿಕೆಯಿರುವ ಕಾರಿನಲ್ಲಿ ಗಾಜು ಏರಿಸಿ ಕೂರಬೇಕು. ಕಾರು ಕಾಯುವುದು ಅದರ ಟೈರಿನಿಂದಲ್ಲ, ಬಡಿದ ವಿದ್ಯುತ್ತು ಹೊರಗಿನ ತಗಡಿನ ಮೇಲೇ ಹರಿದು ನೆಲಕ್ಕೆ ಇಳಿಯುತ್ತದೆ. ಮರದ ಕೆಳಗೆ, ಬಯಲಿನ ಶೆಡ್ಡಿನಲ್ಲಿ, ತಾರಸಿಯ ಮೇಲೆ ಬಟ್ಟೆ ತೆಗೆಯುತ್ತ ನಿಲ್ಲಬಾರದು. ಮನೆಯೊಳಗಿದ್ದರೂ ನಲ್ಲಿ, ಗೋಡೆಗೆ ಸಿಕ್ಕಿಸಿದ ವೈರಿನ ಸಾಮಾನು ಮುಟ್ಟಬಾರದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೂ ಹೊರಗೆ ಹೋಗಬಾರದು. ಒಬ್ಬಾಕೆ, ಅಂಗಳಕ್ಕೆ ಕತ್ತಿ ಎಸೆದರೆ ಸಿಡಿಲು ಅದಕ್ಕೇ ಹೋಗುತ್ತದಲ್ಲವೇ ಎಂದು ಕೇಳಿದರು. ಇಲ್ಲ ಎಂದೆ, ಎಸೆಯೋಕೆ ಹೊರಗೆ ಬಂದವರಿಗೇ ಅಪಾಯ ಎಂದೆ. ಕೆಲವರು ನಕ್ಕರು.

ಆಮೇಲೆ ಆ ಮಾತಿಗೆ ಬಂದೆ. ಕಾರ್ಖಾನೆಯಲ್ಲಿ ಅದನ್ನು ಸಲೀಸಾಗಿ ಹೇಳಿದ್ದೆ. ಇಲ್ಲಿ ಹಿಂದುಗಡೆ ಅತ್ತೆ ಕೂತಿದ್ದರು. ಬಿಟ್ಟುಬಿಡೋಣ ಅಂದುಕೊಂಡೆ. ಆದರೆ ಮುಂದೆ ಕೂತಿದ್ದವರೆಲ್ಲ ಯಾರದೋ ಹೆಂಡತಿ, ಯಾರದೋ ತಾಯಿ. ನಾಳೆ ಇವರಲ್ಲಿ ಒಬ್ಬಳ ಮುಂದೆ ಒಬ್ಬ ಬಿದ್ದಿದ್ದರೆ?

"ಸಿಡಿಲು ತಾಗಿದವರ ಮೈಯಲ್ಲಿ ಕರೆಂಟ್ ಇರಲ್ಲ. ಧೈರ್ಯವಾಗಿ ಮುಟ್ಟಬಹುದು. ಉಸಿರಿಲ್ಲ ಅಂದ್ರೆ ತಕ್ಷಣ ಎದೆ ಒತ್ತಬೇಕು, ಉಸಿರು ಕೊಡಬೇಕು. ಸತ್ತವರ ಹಾಗೆ ಕಾಣೋವರನ್ನೇ ಮೊದಲು ನೋಡಬೇಕು, ಅವರೇ ಬದುಕಿ ಬರಬಹುದು."

ಅತ್ತೆ ಎದ್ದು ನಿಂತರು. ಎಲ್ಲರೂ ತಿರುಗಿ ನೋಡಿದರು.

"ಎಳ್ದವಳು ನಾನು" ಅಂದರು. "ನನ್ ಸೊಸೆ ಒತ್ತುತಿದ್ಲು. ನಾನೇ ಎಳ್ದಾಕ್ಬುಟ್ಟೆ."

ಅಧ್ಯಕ್ಷೆ, "ಅಯ್ಯೋ, ನಿಮಗೇನು ಗೊತ್ತಿತ್ತು ಅಮ್ಮ, ಕೂತ್ಕೊಳ್ಳಿ" ಎಂದರು. ಅತ್ತೆ ಕೂರಲಿಲ್ಲ. ಮೊಮ್ಮಗಳ ಕೈ ಬಿಟ್ಟು ಒಬ್ಬರೇ ಮನೆಗೆ ನಡೆದರು. ನಾನು ಹಿಂದೆಯೇ ಓಡಿದೆ.

ಅಕ್ಕ ಹೊಲಿಗೆ ಯಂತ್ರದ ಮುಂದೆ ಇದ್ದರು. ಅತ್ತೆ ಅವರ ಪಕ್ಕ ನೆಲದ ಮೇಲೆ ಕೂತು, "ನಿನ್ ಕೈಯ ನಾನು ಎಳ್ದೆ ಕಣವ್ವ. ಮಗ ಓದ, ಸೊಸೆನಾದ್ರೂ ಉಳೀಲಿ ಅಂತ ಎಳ್ದೆ. ನಂಗೆ ಗೊತ್ತಿರ್ನಿಲ್ಲ" ಎಂದರು.

ಅಕ್ಕ ಯಂತ್ರ ನಿಲ್ಲಿಸಿದರು. "ನಂಗೆ ಗೊತ್ತಿತ್ತು ಅತ್ತೆ. ತಿಥಿಗೆ ಮುಂಚೆನೇ ಮೊಬೈಲಲ್ಲಿ ನೋಡಿದ್ದೆ."

ಅತ್ತೆ ತಲೆ ಎತ್ತಿದರು. "ಒಂದು ವರ್ಸದಿಂದ ಗೊತ್ತಿತ್ತಾ? ಒಂದ್ಸಲ ಆದ್ರೂ ಬಯ್ಯಬಾರದಾಗಿತ್ತಾ?"

"ಬಯ್ದು ಏನ್ಮಾಡ್ಲಿ? ನೀವು ನನ್ನ ಉಳ್ಸೋಕೆ ಬಂದ್ರಿ, ಅದೂ ಗೊತ್ತು. ಎರಡೂ ಗೊತ್ತಿದ್ಕೊಂಡೇ ನಿಮಗೆ ಬಡಿಸ್ತಿದ್ದೆ. ಇನ್ನು ಮುಂದೂ ಬಡಿಸ್ತೀನಿ. ಅದಕ್ಕಿಂತ ಜಾಸ್ತಿ ಏನೂ ಕೇಳ್ಬೇಡಿ ಅತ್ತೆ, ನನ್ನ ಕೈಲಾಗಲ್ಲ."

ಹೀಗೆಂದು ಅಕ್ಕ ಮತ್ತೆ ಯಂತ್ರ ತುಳಿಯತೊಡಗಿದರು. ಒಳಕೋಣೆಯಿಂದ ನನ್ನ ಗಂಡ, "ಏನದು, ಏನಾಯ್ತು?" ಎಂದು ಕೂಗುತ್ತಿದ್ದರು, ಕೇಳದ ಕಿವಿಯವರ ಎತ್ತರದ ದನಿಯಲ್ಲಿ. ಅತ್ತೆ ಅಲ್ಲೇ ನೆಲದ ಮೇಲೆ ದೀಪ ಹಚ್ಚುವ ಹೊತ್ತಿನವರೆಗೂ ಕೂತಿದ್ದರು.

ಮಂಡಕಳ್ಳಿಯ ಸೈಟನ್ನು ಆ ವರ್ಷವೇ ಬೇರೆಯವರಿಗೆ ಕೊಟ್ಟೆವು. ನಾವು ಇನ್ನೂ ಅದೇ ಬಾಡಿಗೆ ಮನೆಯಲ್ಲಿದ್ದೇವೆ. ಆ ಸಂಜೆಯ ನಂತರ ನಮ್ಮ ಮನೆಯಲ್ಲಿ ಏನೋ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮಾತು ಈಗಲೂ ಕಡಿಮೆಯೇ. ಅತ್ತೆ ಮಾತ್ರ ಒಂದು ಹೊಸ ಅಭ್ಯಾಸ ಹಿಡಿದಿದ್ದಾರೆ. ಮೋಡ ಗುಡುಗಿತೆಂದರೆ ಗೇಟಿಗೆ ಹೋಗಿ ನಿಂತು, ಎದುರಿನ ಖಾಲಿ ಜಾಗದಲ್ಲಿ ಕ್ರಿಕೆಟ್ ಆಡುವ ಮಕ್ಕಳನ್ನು ಬೈದು ಬೈದು ಅವರವರ ಮನೆಗೆ ಓಡಿಸುತ್ತಾರೆ. ತರಕಾರಿ ಗಾಡಿಯವನನ್ನೂ ಬಿಡುವುದಿಲ್ಲ, ಕೈ ಹಿಡಿದು ನಮ್ಮ ಹಾಲ್‌ಗೆ ಕರೆತಂದು ಕೂರಿಸುತ್ತಾರೆ. ಬೀದಿಯಲ್ಲಿ ಕೆಲವರು ಅವರನ್ನು ಆಡಿಕೊಳ್ಳುತ್ತಾರೆ.

ಕಳೆದ ಮೇ ತಿಂಗಳಲ್ಲಿ ಒಂದು ಸಂಜೆ ಮಕ್ಕಳೆಲ್ಲ ಮನೆ ಸೇರಿದ ಮೇಲೂ ಅವರು ಗೇಟಿನ ಕಂಬಿ ಹಿಡಿದು ಹಾಗೇ ನಿಂತಿದ್ದರು. ಮಳೆ ಶುರುವಾಗಿತ್ತು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಿದ್ದರು.

"ಅತ್ತೆ, ಕಬ್ಬಿಣ ಬಿಡಿ. ಒಳಗೆ ಬನ್ನಿ."

ಅದರಲ್ಲಿ ಕರುಣೆ ಇತ್ತೋ ಬೇಸರ ಇತ್ತೋ ನನಗೆ ತಿಳಿಯಲಿಲ್ಲ. ಅತ್ತೆ ಕಂಬಿ ಬಿಟ್ಟು ಒಳಗೆ ಬಂದರು. ಅಕ್ಕ ಬಾಗಿಲು ಹಾಕಿಕೊಂಡರು, ಒಂದು ಒಣ ಟವೆಲ್ ತಂದು ಅವರ ಪಕ್ಕದಲ್ಲಿಟ್ಟು, ಒಳಗೆ ಹೋದರು.